ನಾಲ್ಕು ಕುರ್ಚಿಗಳ ಬಿಡಾರ

ವರ್ನಾ ಕೀಸ್ಲಿಂಗ್ ಶಾಲೆಯ ಬಸ್ಸು ಓಡಿಸುವವಳು. ಕೊಲೊರಾಡೊ ಬೆಟ್ಟಗಳ ನಡುವಿನ ಆ ಸಣ್ಣ ಊರಿನಲ್ಲಿ ಹಳದಿ ಬಸ್ಸು ಕಂಡರೆ ವರ್ನಾ ಬಂದಳೆಂದೇ ಲೆಕ್ಕ. ಸಂಜೆ ಕೊನೆಯ ಮಗುವನ್ನು ಇಳಿಸಿದ ಮೇಲೂ ಅವಳು ನೇರವಾಗಿ ಮನೆಗೆ ಹೋಗುವಂತಿಲ್ಲ. ಹಿಂದಿನ ಸೀಟಿನವರೆಗೆ ನಡೆದು, ಒಂದೊಂದು ಸೀಟಿನ ಕೆಳಗೂ ಬಗ್ಗಿ ನೋಡಿ, ಯಾವ ಮಗುವೂ ನಿದ್ದೆ ಹೋಗಿ ಉಳಿದಿಲ್ಲವೆಂದು ಖಾತರಿ ಮಾಡಿಕೊಂಡು, ಹಿಂದಿನ ಕಿಟಕಿಗೆ 'ಬಸ್ಸು ಖಾಲಿ' ಎಂಬ ಹಲಗೆ ತೂಗುಹಾಕಬೇಕು. ಇದು ಅಲ್ಲಿನ ಎಲ್ಲ ಶಾಲಾ ಬಸ್ಸಿನವರಿಗೂ ಇರುವ ಕಟ್ಟಳೆ. ಕೆಲವರು ಅರ್ಧದವರೆಗೆ ನಡೆದು ಕತ್ತು ಚಾಚಿ ನೋಡಿ ಮುಗಿಸುತ್ತಾರೆ. ವರ್ನಾ ಹಾಗಲ್ಲ, ಕೊನೆಯ ಸೀಟನ್ನು ಕೈಯಿಂದ ಮುಟ್ಟಿಯೇ ಹಿಂತಿರುಗುವಳು. ಇಷ್ಟು ವರ್ಷಗಳಲ್ಲಿ ಒಂದು ಮಗುವನ್ನೂ ಅವಳು ಬಿಟ್ಟು ಬಂದವಳಲ್ಲ. ಈ ವಿಷಯದಲ್ಲಿ ಅವಳಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಅಂಥವಳು ಆ ವಸಂತದಲ್ಲಿ ಒಬ್ಬ ಮನುಷ್ಯನನ್ನು ಬಿಟ್ಟು ಹೋಗುವ ಯೋಜನೆ ಹಾಕಿದಳು. ಅದೂ ಮರೆತು ಬಿಟ್ಟದ್ದಲ್ಲ, ತಿಳಿದು ತಿಳಿದೇ.

ಏಪ್ರಿಲ್ ಬಂದರೂ ಅವಳ ಊರಿನ ದಾರಿಗಳ ಮೇಲೆ ಮೊಣಕಾಲುದ್ದ ಹಿಮ ಬಿದ್ದಿರುತ್ತದೆ. ಬೆಟ್ಟದ ಸೈಕಲ್ಲಿನ ಹುಚ್ಚು ಹಿಡಿದವರು ಚಳಿಗಾಲವಿಡೀ ಸೈಕಲ್ಲನ್ನು ಗ್ಯಾರೇಜಿನ ಗೋಡೆಗೆ ತೂಗುಹಾಕಿ, ಅದರ ಮುಖ ನೋಡಿ ನಿಟ್ಟುಸಿರು ಬಿಡುತ್ತಾ ಕಾಲ ಕಳೆಯುತ್ತಾರೆ. ಅದೇ ಹೊತ್ತಿಗೆ ಪಡುವಣಕ್ಕೆ, ಗಡಿಯಾಚೆ ಯೂಟಾದ ಮರುಭೂಮಿಯಲ್ಲಿ, ಕೆಂಪು ಬಂಡೆಗಳು ಬೆಚ್ಚಗಾಗಿರುತ್ತವೆ. ಅಲ್ಲಿನ ಡ್ರೈ ಫೋರ್ಕ್ ಎಂಬ ಊರಿನಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ ಸೈಕಲ್ ಹಬ್ಬ. ಬೆಟ್ಟದ ಊರುಗಳೆಲ್ಲ ಗುಳೆ ಎದ್ದಂತೆ ಅತ್ತ ಇಳಿಯುತ್ತವೆ. ವರ್ನಾಳ ಗುಂಪಿನವರು ನಾಲ್ಕು ಮಂದಿ: ಅವಳು, ಅವಳ ಗೆಳತಿ ಟೆಸ್, ಟೆಸ್‌ಳ ಗಂಡ ಕೋಯ್, ಮತ್ತು ಆರ್ಲೋ ಬೆಕ್‌ಸ್ಟ್ರಾಂಡ್.

ಆರ್ಲೋ ಎಪ್ಪತ್ತು ದಾಟಿದವನು. ಸ್ಕೀ ಆಡುವವರನ್ನು ಬೆಟ್ಟದ ಮೇಲಕ್ಕೆ ಎಳೆಯುವ ತಂತಿಕುರ್ಚಿಗಳ ರಿಪೇರಿ ಮಾಡಿ ನಿವೃತ್ತನಾದ ಒಂಟಿ ಜೀವ. ವರ್ನಾಳ ಗಂಡ ಮನೆ ಬಿಟ್ಟು ಹೋದ ವರ್ಷ, ಅವಳು ಬಸ್ಸು ಓಡಿಸುವುದು, ಮನೆಗೆ ಬಂದು ಪರದೆ ಎಳೆದುಕೊಂಡು ಮಲಗುವುದು, ಇಷ್ಟನ್ನೇ ಮಾಡುತ್ತಿದ್ದಾಗ, ಒಂದು ದಿನ ಅವಳ ಅಂಗಳದಲ್ಲಿ ಯಾರೋ ಹಳೆಯ ಸೈಕಲ್ಲೊಂದನ್ನು ಒರಗಿಸಿಟ್ಟು ಹೋಗಿದ್ದರು. ಮರುದಿನ ಆರ್ಲೋ ಬಂದು, "ಏನ್ ಹುಡುಗಿ, ಅದನ್ನ ಹತ್ತಿ ನೋಡಿದ್ಯೋ, ಬಟ್ಟೆ ಒಣಗಹಾಕೋಕೆ ಇಟ್ಕೊಂಡ್ಯೋ?" ಎಂದು ಕೇಳಿದ. ಅವಳಿಗಾಗಲೇ ನಲವತ್ತೈದು ತುಂಬುತ್ತಾ ಬಂದಿತ್ತು. ಆದರೂ ಅವನ ಬಾಯಲ್ಲಿ ಅವಳು ಅಂದಿನಿಂದ ಹುಡುಗಿಯೇ. ಆ ಬೇಸಿಗೆಯಿಡೀ ಅವಳು ಕಲ್ಲು ಕಂಡಲ್ಲಿ ಬೀಳುತ್ತಾ, ಬಿದ್ದಲ್ಲಿ ಅಳುತ್ತಾ ಸವಾರಿ ಕಲಿತಳು. ಆರ್ಲೋ ಒಂದು ದಿನವೂ ಮುಂದೆ ಹೋಗಲಿಲ್ಲ. ಅವಳ ಹಿಂದೆಯೇ, ಸಿಳ್ಳೆ ಹಾಕಿಕೊಂಡು ಬರುತ್ತಿದ್ದ.

ಈ ಸವಾರರಲ್ಲಿ ಒಂದು ನಡವಳಿಕೆಯುಂಟು. ಗುಂಪಿನಲ್ಲಿ ಹೊರಟ ಮೇಲೆ ಯಾರನ್ನೂ ಹಿಂದೆ ಬಿಡುವಂತಿಲ್ಲ. ದಾರಿ ಕವಲೊಡೆದಲ್ಲೆಲ್ಲ ಮುಂದಿನವರು ನಿಂತು ಹಿಂದಿನವರಿಗಾಗಿ ಕಾಯಬೇಕು, ಎಲ್ಲರ ಕೊನೆಗೆ ಗಟ್ಟಿಗರೊಬ್ಬರು ಕಾವಲಿಗೆ ಬರಬೇಕು. ವರ್ಷಗಳು ಉರುಳಿದಂತೆ ಆರ್ಲೋನ ಸೊಂಟದ ಕೀಲು ಸವೆಯಿತು, ವರ್ನಾಳ ಕಾಲು ಗಟ್ಟಿಯಾಯಿತು. ಯಾರೂ ಬಾಯಿ ಬಿಟ್ಟು ಹೇಳದೆಯೇ ಕಾವಲಿನ ಕೆಲಸ ಅವನಿಂದ ಅವಳಿಗೆ ಬಂತು. ಈಗ ಅವನು ನಿಧಾನವಾಗಿ ಮುಂದೆ, ಅವಳು ಅವನ ಹಿಂದೆ.

ಡ್ರೈ ಫೋರ್ಕಿನ ಆಚೆ ನದಿಯವರೆಗೆ ಇಳಿಯುವ ಒಂದು ಉದ್ದನೆಯ ದಾರಿಯಿದೆ. ಬಂಡೆಯ ಅಂಚಿನಲ್ಲೇ ಸಾಗುತ್ತದೆ, ಒಂದು ಪಕ್ಕಕ್ಕೆ ಬರೀ ಆಕಾಶ. ಅದನ್ನು ಎಲ್ಲರೂ 'ಅಂಚುದಾರಿ' ಎನ್ನುತ್ತಾರೆ. ಪ್ರತಿ ಹಬ್ಬದಲ್ಲೂ ಟೆಸ್ ಮತ್ತು ಕೋಯ್ ಅದನ್ನು ಇಳಿದು, ಸಂಜೆ ಬಿಡಾರಕ್ಕೆ ಬಂದು, ಕೈ ಆಡಿಸಿ ಆಡಿಸಿ ವರ್ಣಿಸುತ್ತಿದ್ದರು. ಪ್ರತಿ ಹಬ್ಬದಲ್ಲೂ ವರ್ನಾ ಮೊದಲ ಕವಲಿನಲ್ಲೇ ಆರ್ಲೋನೊಂದಿಗೆ ಹಿಂತಿರುಗುತ್ತಿದ್ದಳು. ಅವಳಿಗೀಗ ಐವತ್ತನಾಲ್ಕು. ಮೆಟ್ಟಿಲಿಳಿಯುವಾಗ ಎಡಮೊಣಕಾಲು ಲಟಕ್ಕೆನ್ನುತ್ತಿತ್ತು. ಇನ್ನೆಷ್ಟು ವಸಂತ ಉಳಿದಿವೆಯೋ ಎಂಬ ಯೋಚನೆ ಒಮ್ಮೆ ಹೊಕ್ಕಿತೆಂದರೆ ಹೊರಗೆ ಹೋಗುವ ಜಾತಿಯದಲ್ಲ.

ಮಾರ್ಚ್ ತಿಂಗಳಲ್ಲಿ ಟೆಸ್‌ಳ ಅಡುಗೆಮನೆಯಲ್ಲಿ ಪ್ರವಾಸದ ಮಾತು ಬಂತು. ಟೆಸ್ ಹಲ್ಲಿನ ವೈದ್ಯರೊಬ್ಬರ ಬಳಿ ಕೆಲಸ ಮಾಡುವವಳು, ಮಾತಿನಲ್ಲಿ ಸುತ್ತುಬಳಸು ಇಲ್ಲದವಳು.

"ಈ ಸಲ ಡೇರೆ ಗೀರೆ ಬೇಡ ಕಣೆ," ಎಂದಳು. "ಮಣ್ಣು ತಿಂದು ತಿಂದು ಸಾಕಾಗಿದೆ. ಡ್ರೈ ಫೋರ್ಕ್ ಊರೊಳಗೇ ಒಂದು ಮನೆ ಬಾಡಿಗೆಗಿದೆ. ಎರಡು ಕೋಣೆ, ಹಿತ್ತಲಲ್ಲಿ ಬಿಸಿನೀರಿನ ತೊಟ್ಟಿ. ನಮ್ಗೊಂದು, ನಿನಗೊಂದು."

"ಮತ್ತೆ ಆರ್ಲೋ?"

ಕೋಯ್ ಕಾಫಿಯ ಲೋಟದೊಳಗೆ ನೋಡಿದ. ಟೆಸ್ ನೋಡಿದ್ದು ನೇರವಾಗಿ ವರ್ನಾಳ ಮುಖವನ್ನೇ.

"ಹೋದ ಶರತ್ಕಾಲದಲ್ಲಿ ಅವರೇ ಅಂದ್ರಲ್ಲ, 'ನನ್ನ ಸೊಂಟ ಇನ್ನು ನಂಬಿಕೆಗೆ ಯೋಗ್ಯ ಅಲ್ಲ' ಅಂತ. ನಿಜ ಹೇಳು, ನಿನಗೆ ಅಂಚುದಾರಿ ಇಳೀಬೇಕೋ ಬೇಡ್ವೋ? ಅವರ ಹಿಂದೆ ಆಮೆ ಥರ ತೆವಳೋಕೇನಾ ನೀನು ವರ್ಷಪೂರ್ತಿ ಕಾಯೋದು?"

ವರ್ನಾಗೆ 'ಛೆ, ಹಾಗನ್ನಬೇಡ' ಎನ್ನಬೇಕೆನಿಸಿತು. ಬಾಯಿಂದ ಬಂದದ್ದು ಬೇರೆ: "ಅವರಿಗೆ ನಾನೇ ಹೇಳ್ತೀನಿ ಬಿಡು."

ಹೇಳಲೆಂದು ಅವಳು ಹೋದದ್ದೂ ನಿಜ. ಆರ್ಲೋ ತನ್ನ ಗ್ಯಾರೇಜಿನಲ್ಲಿ ಹಗ್ಗ ಕಟ್ಟಿ ಡೇರೆಗಳನ್ನು ಗಾಳಿಗೆ ಹರವಿದ್ದ. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ನೀಲಿ ಡೇರೆಯೊಂದರ ಜಿಪ್ಪಿಗೆ ಮೇಣ ಉಜ್ಜುತ್ತಿದ್ದ.

"ಬಂದ್ಯಾ? ಇದು ನಿನ್ದೇ. ಹೋದ ವರ್ಷ ರಾತ್ರಿಯೆಲ್ಲ ಈ ಜಿಪ್ಪನ್ನ ಬೈತಾ ಇದ್ಯಲ್ಲ, ಕಿವಿಗೆ ಬಿದ್ದಿತ್ತು. ಈಗ ಎಳೆದು ನೋಡು, ಬೆಣ್ಣೆ."

ವರ್ನಾ ಎಳೆದು ನೋಡಿದಳು. ಬೆಣ್ಣೆಯೇ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಗಂಟಲಲ್ಲೇ ಕೂತವು.

"ಈ ವರ್ಷದ್ದು ಇನ್ನೂ ಏನೂ ಗೊತ್ತಾಗಿಲ್ಲ, ಆರ್ಲೋ," ಎಂದಳು. "ನೋಡ್ಕೊಂಡು ಹೇಳ್ತೀನಿ."

"ಗೊತ್ತಾಗೋಕೇನಿದೆ ಅದ್ರಲ್ಲಿ? ಮರುಭೂಮಿ ಬಿಸಿಯಾಗೋಕೆ ನಮ್ಮನ್ನ ಕೇಳತ್ತಾ?" ಎಂದು ಅವನು ನಕ್ಕ. ಅವಳೂ ನಕ್ಕಳು, ಕಾಫಿ ಕುಡಿದಳು, ಎದ್ದು ಬಂದಳು.

ಸಂಜೆ ಟೆಸ್ ಫೋನ್ ಮಾಡಿ, "ಹೇಳಿದ್ಯಾ?" ಎಂದಳು.

"ಹೇಳ್ದೆ."

"ಬೇಜಾರು ಮಾಡ್ಕೊಂಡ್ರಾ?"

"ಇಲ್ಲ. ಅರ್ಥ ಮಾಡ್ಕೊಂಡ್ರು."

ಒಂದು ಸುಳ್ಳು ಒಂಟಿಯಾಗಿ ಬರುವುದಿಲ್ಲ, ತಮ್ಮಂದಿರನ್ನು ಕರೆದುಕೊಂಡೇ ಬರುತ್ತದೆ. ಆಮೇಲಿನ ವಾರಗಳಲ್ಲಿ ವರ್ನಾ ಆರ್ಲೋನ ಬೀದಿಯನ್ನು ತಪ್ಪಿಸಿ ಬಸ್ಸು ತಿರುಗಿಸಲು ಕಾರಣ ಹುಡುಕಿದಳು. ಅಂಗಡಿಯಲ್ಲಿ ಅವನ ಟೊಪ್ಪಿಗೆ ಕಂಡರೆ ಪಕ್ಕದ ಸಾಲಿಗೆ ಸರಿದು, ತನಗೆ ಬೇಡವಾದ ನಾಯಿಬಿಸ್ಕತ್ತಿನ ಬೆಲೆ ಓದುತ್ತಾ ನಿಂತಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ಆಮೇಲೆ, ಅವರಾಗಿ ಕೇಳಿದರೆ ಹೇಳಿದರಾಯಿತು ಎಂದುಕೊಂಡಳು. ಅವನು ಕೇಳಲಿಲ್ಲ. ಕೇಳುವ ಅಗತ್ಯ ಅವನಿಗೆ ಕಾಣಿಸಿಯೇ ಇರಲಿಲ್ಲ.

ಹಬ್ಬದ ಹಿಂದಿನ ದಿನ, ಗುರುವಾರ, ಬಸ್ಸು ನಿಲ್ಲಿಸಿದ ಮೇಲೆ ವರ್ನಾ ಬಾಳೆಹಣ್ಣಿನ ಬ್ರೆಡ್ ಒಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆರ್ಲೋನ ಮನೆಗೆ ಹೊರಟಳು. ಇಂದು ಹೇಳಿಯೇ ತೀರಬೇಕೆಂದು ಗಟ್ಟಿ ಮಾಡಿಕೊಂಡಿದ್ದಳು. ಬರಿಗೈಯಲ್ಲಿ ಹೋಗಿ ಹೇಳುವ ಧೈರ್ಯವಿರಲಿಲ್ಲ, ಆದ್ದರಿಂದ ಬ್ರೆಡ್ಡು.

ಮನೆಗೆ ಬೀಗ ಬಿದ್ದಿತ್ತು. ಮಂಗಳವಾರ ರಾತ್ರಿ ಬಿದ್ದ ಹೊಸ ಹಿಮ ಅಂಗಳವಿಡೀ ಹರಡಿತ್ತು. ಅದರ ನಡುವೆ, ಅವನ ವ್ಯಾನು ನಿಲ್ಲುತ್ತಿದ್ದ ಜಾಗದಲ್ಲಿ ಮಾತ್ರ, ವ್ಯಾನಿನಷ್ಟೇ ಅಗಲದ ಕಪ್ಪು ಒಣ ನೆಲ.

ಅವಳಿಗೆ ತಟ್ಟನೆ ಎಲ್ಲವೂ ಹೊಳೆಯಿತು. ಡ್ರೈ ಫೋರ್ಕಿನ ಹೊರಗೆ, ಬಂಡೆಗಳ ನಡುವಿನ ಸರ್ಕಾರಿ ಜಾಗದಲ್ಲಿ ಬಿಡಾರ ಹೂಡಲು ಮುಂಗಡವಾಗಿ ಕಾದಿರಿಸುವ ಪದ್ಧತಿಯಿಲ್ಲ, ಮೊದಲು ಬಂದವರಿಗೆ ಜಾಗ. ಹಬ್ಬದ ವಾರದಲ್ಲಿ ಗುರುವಾರ ಹೋದವರಿಗೂ ಮೂಲೆಮುಡುಕೇ ಗತಿ. ಆದ್ದರಿಂದ ಪ್ರತಿ ಗುಂಪಿನಿಂದ ಒಬ್ಬರು ಮುಂಚಿತವಾಗಿ ಹೋಗಿ, ಡೇರೆ ನಿಲ್ಲಿಸಿ, ಕುರ್ಚಿ ಹರವಿ, ಉಳಿದವರು ಬರುವವರೆಗೆ ಜಾಗ ಕಾಯಬೇಕು. ಇವರ ಗುಂಪಿನಲ್ಲಿ ಆ ಕೆಲಸ ಯಾವತ್ತೂ ಆರ್ಲೋನದು. ಅವನು ಬುಧವಾರ ಬೆಳಿಗ್ಗೆ ಹೊರಡುವವನು. ಯಾರೂ ಅವನಿಗೆ ಹೋಗು ಎಂದು ಹೇಳಿದ್ದಿಲ್ಲ. ಈ ವರ್ಷ ಹೋಗಬೇಡ ಎಂದೂ ಯಾರೂ ಹೇಳಿರಲಿಲ್ಲ.

ಫೋನ್ ಮಾಡಿದಳು, ಸಿಗಲಿಲ್ಲ. ಆ ಬಂಡೆಗಳ ಸಂದಿಯಲ್ಲಿ ಫೋನು ಸತ್ತ ಇಲಿಯಷ್ಟೇ ಉಪಯೋಗದ್ದೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅಲ್ಲಿಂದ ನೇರ ಟೆಸ್‌ಳ ಮನೆಗೆ ಹೋದಳು. ಕೋಯ್ ಪಿಕಪ್ಪಿನ ಹಿಂಬಾಗಿಲಿಗೆ ದಪ್ಪ ಹೊದಿಕೆ ಕಟ್ಟಿ, ಸೈಕಲ್ಲುಗಳ ಮುಂಚಕ್ರವನ್ನು ಅದರಾಚೆ ಇಳಿಬಿಡುತ್ತಿದ್ದ.

"ಆರ್ಲೋ ಹೊರಟುಹೋಗಿದ್ದಾರೆ," ಎಂದಳು ವರ್ನಾ. "ಜಾಗ ಹಿಡಿಯೋಕೆ."

"ಜಾಗ ಹಿಡಿಯೋಕಾ? ಯಾರಿಗೆ?" ಎಂದಳು ಟೆಸ್, ಆಮೇಲೆ ಗೆಳತಿಯ ಮುಖ ನೋಡಿ ಮಾತು ನಿಲ್ಲಿಸಿದಳು. "ವರ್ನಾ. ನೀನು ಹೇಳಿದೆ ಅಂದ್ಯಲ್ಲೇ!"

"ಹೇಳಿರ್ಲಿಲ್ಲ."

"ಅರ್ಥ ಮಾಡ್ಕೊಂಡ್ರು ಅಂತ ಬೇರೆ ಅಂದೆ!"

"ಅಂದೆ."

ಕೋಯ್ ಹಗ್ಗ ಬಿಗಿಯುವುದನ್ನು ಬಿಟ್ಟು ತಲೆ ಕೆರೆದುಕೊಂಡ. "ಅಂದ್ರೆ ಆ ಮುದುಕರು ಈಗ ಅಲ್ಲಿ ನಾಲ್ಕು ಡೇರೆ ನಿಲ್ಲಿಸ್ಕೊಂಡು ಒಬ್ರೇ ಕೂತಿದಾರೆ. ನಾವು ಬಿಸಿನೀರಿನ ತೊಟ್ಟಿಯಲ್ಲಿ ಕಾಲು ಚಾಚ್ಕೊಂಡು ಕೂರೋರು. ಭಾಳ ಚೆನ್ನಾಗಿದೆ."

"ನೀನು ಸುಮ್ನಿರು," ಎಂದಳು ಟೆಸ್. ಅವಳ ಕಿವಿ ಕೆಂಪಾಗಿತ್ತು. "ಹೋಗ್ತಾ ಅಲ್ಲಿಗೆ ಹೋಗಿ ಹೇಳಿ ಬಂದ್ರಾಯ್ತಪ್ಪ. ಏನು, ಗಲ್ಲಿಗೆ ಹಾಕ್ತಾರಾ?"

"ಬೇಡ," ಎಂದಳು ವರ್ನಾ. "ನನ್ನ ಸೈಕಲ್ ಇಳಿಸಿಕೊಡು ಕೋಯ್. ನಾನು ನನ್ನ ಕಾರಲ್ಲಿ ಬೇಗ ಹೊರಡ್ತೀನಿ."

ಶುಕ್ರವಾರ ಹಿಮದ ಕಣಿವೆಗಳನ್ನು ದಾಟಿ ಕಾರು ಕೆಳಗಿಳಿಯುತ್ತಿದ್ದಂತೆ, ಪೈನ್ ಮರಗಳು ಹೋಗಿ ಕುರುಚಲು ಬಂತು, ಕುರುಚಲೂ ಹೋಗಿ ಕೆಂಪು ಮಣ್ಣು ಬಂತು. ಬೇರೆ ವರ್ಷಗಳಲ್ಲಿ ಮೊದಲ ಕೆಂಪು ಬಂಡೆ ಕಂಡೊಡನೆ ಕಾರಿನಲ್ಲಿದ್ದ ಮೂವರೂ ಕೂಗು ಹಾಕುತ್ತಿದ್ದರು. ಈ ಸಲ ಅವಳು ಬಾಯಿ ಬಿಗಿದು, ಹೇಳಬೇಕಾದುದನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಹೇಳಿಕೊಳ್ಳುತ್ತಾ ಓಡಿಸಿದಳು. 'ಮರೆತುಬಿಟ್ಟೆ' ಎಂದರೆ? ಮರೆಯುವವಳಲ್ಲ ಎಂದು ಊರಿಗೆಲ್ಲ ಗೊತ್ತು. 'ಟೆಸ್ ಹಟ ಮಾಡಿದಳು' ಎಂದರೆ? ಅದು ಅರ್ಧ ನಿಜ, ಆದ್ದರಿಂದಲೇ ಪೂರ್ತಿ ಹೇಸಿಗೆ.

ಬಿಡಾರದ ದಾರಿ ತುಂಬ ಕಾರು, ವ್ಯಾನು, ಸೈಕಲ್ಲು, ಧೂಳು. ಬಿಡಾರದ ಜಾಗ ಗುರುತಿಸಲು ನೆಟ್ಟ ಕಂಬಕ್ಕೊಂದು ಗುಂಪು ಇಳಿದಿತ್ತು. ದೊಡ್ಡ ಜುನಿಪರ್ ಮರದ ಕೆಳಗಿನ ಜಾಗ, ಎಲ್ಲಕ್ಕಿಂತ ಒಳ್ಳೆಯದು, ಆರ್ಲೋನ ಕೈಯಲ್ಲಿತ್ತು. ನಾಲ್ಕು ಡೇರೆ, ಹಗ್ಗವೆಲ್ಲ ಬಿಗಿಯಾಗಿ. ನೀರಿನ ಕ್ಯಾನುಗಳು ನೆರಳಿನಲ್ಲಿ. ಒಲೆಗಲ್ಲುಗಳ ಸುತ್ತ ನಾಲ್ಕು ಮಡಿಸುವ ಕುರ್ಚಿ. ಒಂದರಲ್ಲಿ ಅವನು ಕೂತು ಟೊಪ್ಪಿಗೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದ.

"ಬಂತಪ್ಪಾ ದಂಡು!" ಎಂದು ಎದ್ದ. "ಇನ್ನಿಬ್ರು ಎಲ್ಲಿ? ಕೋಯ್ ದಾರೀಲಿ ತಿನ್ನೋಕೆ ನಿಂತ್ನಾ?"

ಅವಳು ಬಾಯಿ ತೆರೆದಳು. "ಟೆಸ್‌ಗೆ ಕೆಲಸ ಬಂತು," ಎಂದಳು. ಇಷ್ಟು ದೂರ ತಿದ್ದಿಕೊಂಡು ಬಂದ ಮಾತೆಲ್ಲ ಹೋಗಿ, ಇನ್ನೊಂದು ಸುಳ್ಳು ತಾನಾಗಿ ಹೊರಬಿತ್ತು. "ಅವರು... ನೋಡ್ತಾರಂತೆ."

"ನಾಳೆ ಬರ್ತಾರೆ ಅನ್ನು. ಸರಿ. ಕೂತ್ಕೋ, ಬೀನ್ಸ್ ಕಾಳಿನ ಸಾರು ಕುದೀತಿದೆ." ಅವನು ಅವಳ ಕೈಗೆ ನೀರು ಕೊಟ್ಟು, ದನಿ ತಗ್ಗಿಸಿ ಹೇಳಿದ: "ಬೇಗ ಬಂದ್ರೆ ಒಳ್ಳೇದು ಕಣೆ. ಈ ಜಾಗ ಕಾಯೋದು ಈ ಸಲ ಸ್ವಲ್ಪ ಕಷ್ಟ ಆಯ್ತು."

"ಯಾಕೆ?"

"ನಿನ್ನೆ ಸಂಜೆ ಒಬ್ಳು ತಾಯಿ ಬಂದ್ಲು. ನ್ಯೂ ಮೆಕ್ಸಿಕೋ ಕಡೆಯವಳು, ಎರಡು ಹೆಣ್ಣುಮಕ್ಕಳು, ಹಳೇ ಕಾರು, ಮೇಲೆ ಪುಟ್ಟ ಪುಟ್ಟ ಸೈಕಲ್ಲು. ಎಲ್ಲೂ ಜಾಗ ಇಲ್ಲ, ಒಂದು ಮೂಲೇಲಿ ಡೇರೆ ಹಾಕ್ಕೊಳ್ಲಾ ಅಂತ ಕೇಳಿದ್ಲು. ಚಿಕ್ಕದು ಆಗ್ಲೇ ಕಾರಲ್ಲಿ ನಿದ್ದೆ ಹೋಗಿತ್ತು." ಆರ್ಲೋ ಟೊಪ್ಪಿಗೆಯ ಅಂಚನ್ನು ಸುತ್ತಲೂ ಬೆರಳಿನಿಂದ ಸವರಿದ. "ನಾಲ್ಕು ಡೇರೆಗೆ ಮೇಲೆ ಇಲ್ಲಿ ಬಿಡೋದಿಲ್ಲ. 'ನಮ್ಮವರು ಬರ್ತಾ ಇದಾರಮ್ಮ, ಇಷ್ಟೂ ಅವರದ್ದೇ' ಅಂದೆ. ಅವಳು ಡೇರೆಗಳನ್ನ ನೋಡಿದ್ಲು, ನನ್ನ ನೋಡಿದ್ಲು. ಒಬ್ಬ ಮುದುಕ, ನಾಲ್ಕು ಡೇರೆ. ಸುಳ್ಳು ಹೇಳ್ತಾನೆ ಅಂತಾನೇ ಅಂದ್ಕೊಂಡ್ಲು. 'ಪರವಾಗಿಲ್ಲ ಸಾರ್' ಅಂತ ಹೋದ್ಲು. ರಾತ್ರಿ ಗಾಳಿ ಎದ್ದಾಗ ನಂಗೆ ನಿದ್ದೆ ಬರ್ಲಿಲ್ಲ. ಆದ್ರೆ ನಾನು ಹೇಳಿದ್ದು ನಿಜ ತಾನೇ? ನಮ್ಮವರು ಬರೋರು ಹೌದಲ್ಲ?"

ಕೊನೆಯದನ್ನು ಅವನು ಪ್ರಶ್ನೆಯಾಗಿ ಕೇಳಿರಲಿಲ್ಲ. ಸಮಾಧಾನ ಮಾಡಿಕೊಳ್ಳಲು ತನಗೇ ಹೇಳಿಕೊಂಡಿದ್ದ. ಆದರೆ ವರ್ನಾ ನೀರು ಕುಡಿಯದೆಯೇ ಲೋಟವನ್ನು ಕೆಳಗಿಟ್ಟಳು. ತನ್ನ ಪಾಪ ತನ್ನ ಹೆಗಲ ಮೇಲೆ ಇದ್ದಷ್ಟು ದಿನ ಅದನ್ನು ಹೊತ್ತು ತಿರುಗಬಹುದಿತ್ತು. ಅದೀಗ ಏನೂ ಅರಿಯದ ಈ ಮನುಷ್ಯನ ನಾಲಿಗೆಯ ಮೇಲೆ ಕೂತು ಸುಳ್ಳಾಡಿಸಿತ್ತು, ನಿದ್ದೆ ಹೋಗಿದ್ದ ಮಗುವೊಂದನ್ನು ಗಾಳಿಗೆ ಕಳಿಸಿತ್ತು.

"ಯಾರೂ ಬರೋದಿಲ್ಲ, ಆರ್ಲೋ," ಎಂದಳು.

"ಹಾಂ?"

"ಅವರಿಬ್ರೂ ಊರೊಳಗೆ ಬಾಡಿಗೆಗೆ ಮನೆ ಹಿಡಿದಿದಾರೆ. ನಾನೂ ಅಲ್ಲೇ ಇರಬೇಕಾಗಿತ್ತು. ಮಾರ್ಚ್‌ನಲ್ಲೇ ಗೊತ್ತಿತ್ತು. ನಿಮಗೆ ಹೇಳೋ ಕೆಲಸ ನನ್ದು. ಹೇಳೋಕೆ ಅಂತ್ಲೇ ಆವತ್ತು ಬಂದಿದ್ದೆ. ನೀವು ಜಿಪ್ಪು ತೋರಿಸಿದ್ರಿ." ಅವಳು ಒಲೆಯ ಕಡೆ ನೋಡುತ್ತಾ ಮುಂದುವರಿಸಿದಳು. "ಅಂಚುದಾರಿ ಇಳೀಬೇಕು ಅನ್ನೋ ಆಸೆ ಇತ್ತು. ಒಂದ್ಸಲ ಯಾರಿಗೂ ಕಾಯದೆ ಹೋಗ್ಬೇಕು ಅನ್ನಿಸ್ತು. ಅದಕ್ಕೇ ಸುಮ್ನಿದ್ದೆ."

ಪಕ್ಕದ ಬಿಡಾರದಲ್ಲಿ ಯಾರೋ ಚಕ್ರಕ್ಕೆ ಗಾಳಿ ಹೊಡೆಯುವ ಸದ್ದು ಕೇಳುತ್ತಿತ್ತು. ಆರ್ಲೋ ಎದ್ದು, ಸೊಂಟ ಹಿಡಿದು ನಿಂತು, ಖಾಲಿ ಕುರ್ಚಿಗಳಲ್ಲಿ ಒಂದನ್ನು ಮಡಿಸಿ ಮರಕ್ಕೆ ಒರಗಿಸಿದ. ಇನ್ನೊಂದನ್ನೂ ಮಡಿಸಿದ. ಆ ಕ್ಯಾನ್ವಾಸು ಮಡಿಕೆಯಾದ ಸದ್ದಿಗಿಂತ ದೊಡ್ಡ ಬೈಗುಳವನ್ನು ವರ್ನಾ ಜೀವಮಾನದಲ್ಲಿ ಕೇಳಿರಲಿಲ್ಲ.

"ನಾನು ನಿಧಾನ ಅಂತ ನಂಗೊತ್ತು," ಎಂದ ಅವನು, ಅವಳ ಕಡೆ ತಿರುಗದೆ. "ಗೊತ್ತಿಲ್ದೆ ಇರೋಕೆ ನಾನೇನು ಕುರುಡನಾ? ಒಂದ್ಮಾತು ಅಂದಿದ್ರೆ ಆ ಹಳ್ಳದ ಹತ್ರ ಒಂದೇ ಮರ ಇರೋ ಸಣ್ಣ ಜಾಗ ಇದ್ಯಲ್ಲ, ಅದನ್ನ ತಗೊಂಡು ಆರಾಮಾಗಿ ಇರ್ತಿದ್ದೆ. ಬರಬೇಡ ಅಂದ್ರೆ ಮನೇಲೇ ಇರ್ತಿದ್ದೆ. ಅದಕ್ಕೆ ಬೇಜಾರಿಲ್ಲ." ಮಡಿಸಿದ ಕುರ್ಚಿಯನ್ನು ಮರಕ್ಕೊತ್ತಿ, "ಇದೆ. ಬೇಜಾರಿದೆ. ಆದ್ರೆ ಅದು ಆಮೇಲೆ. ಮೊದ್ಲು ಆ ಹುಡುಗಿಯರನ್ನ ಹುಡುಕೋಣ ನಡಿ."

ಸಾರಿನ ಪಾತ್ರೆಯನ್ನು ಕೆಂಡದಿಂದ ಇಳಿಸಿ ಇಬ್ಬರೂ ಅವಳ ಕಾರಿನಲ್ಲಿ ಹೊರಟರು. ಹಬ್ಬದ ಮೈದಾನದಲ್ಲಿ ಸೈಕಲ್ ತಯಾರಕರ ಬಣ್ಣದ ಚಪ್ಪರಗಳು, ಟಾಕೋ ತಿಂಡಿ ಮಾರುವ ಗಾಡಿಗಳು, ಹೊಸ ಸೈಕಲ್ಲು ಹತ್ತಿ ನೋಡಲು ನಿಂತ ಸಾಲು. ಅಲ್ಲೆಲ್ಲ ಅವರು ಸಿಗಲಿಲ್ಲ. ರಸ್ತೆಯ ಪಕ್ಕದ ಬಯಲುಗಳಲ್ಲೂ ಇಲ್ಲ. ಆರ್ಲೋ ದಾರಿಯುದ್ದಕ್ಕೂ ಕಿಟಕಿಯಾಚೆಗೇ ನೋಡುತ್ತಿದ್ದ. ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದುಕೊಂಡಳು ವರ್ನಾ.

ಕೊನೆಗೆ ದನಗಳಿಗೆ ನೀರುಣಿಸುವ ತೊಟ್ಟಿಯ ಬಳಿ, ಒಂದು ಗಿಡದ ನೆರಳೂ ಇಲ್ಲದ ಬಯಲಿನಲ್ಲಿ, ಆ ಹಳೆಯ ಕಾರು ಕಂಡಿತು. ಮುರಿದ ಕೋಲಿನ ಡೇರೆಯೊಂದು ಸತ್ತ ಹಕ್ಕಿಯಂತೆ ನೆಲಕ್ಕೆ ಕವುಚಿತ್ತು. ಇಬ್ಬರು ಹುಡುಗಿಯರು ಕಾರಿನ ಹಿಂಬಾಗಿಲಲ್ಲಿ ಕಾಲು ಇಳಿಬಿಟ್ಟು, ಡಬ್ಬಿಯಿಂದಲೇ ಒಣ ಸೀರಿಯಲ್ ತಿನ್ನುತ್ತಿದ್ದರು. ತಾಯಿ ಟೇಪು ಸುತ್ತಿ ಕೋಲು ಜೋಡಿಸುವ ಪ್ರಯತ್ನದಲ್ಲಿದ್ದಳು. ಅವಳ ಹೆಸರು ಯೊಲಾಂಡಾ ಎಂದು ಆಮೇಲೆ ತಿಳಿಯಿತು.

ಆರ್ಲೋ ಟೊಪ್ಪಿಗೆ ತೆಗೆದ. "ಅಮ್ಮಾ, ನಿನ್ನೆ ನಾನು ನಿಮ್ಗೆ ಹೇಳಿದ್ದು ಸುಳ್ಳಾಯ್ತು. ನಮ್ಮವರು ಬರೋದಿಲ್ಲ. ನಂಗೆ ಗೊತ್ತಿರ್ಲಿಲ್ಲ."

"ಗೊತ್ತಿದ್ದೋಳು ನಾನು," ಎಂದು ವರ್ನಾ ಮುಂದೆ ಬಂದಳು. ಅಪರಿಚಿತಳ ಎದುರು ಹೇಳುವುದು ಸುಲಭವಾದೀತು ಎಂದುಕೊಂಡಿದ್ದಳು, ಆಗಲಿಲ್ಲ. "ಇವರಿಗೆ ತಿಳಿಸಬೇಕಾಗಿತ್ತು, ತಿಳಿಸಲಿಲ್ಲ. ತಪ್ಪು ನನ್ದು. ದಯವಿಟ್ಟು ಬನ್ನಿ. ಡೇರೆ ನಿಂತಿದೆ, ಬಿಸಿ ಸಾರಿದೆ."

ಯೊಲಾಂಡಾ ಇಬ್ಬರನ್ನೂ ಅಳೆದು ನೋಡಿದಳು. "ನಿಮ್ಮಿಬ್ರದ್ದು ಏನೋ ಜಗಳ ಇದ್ದ ಹಾಗಿದೆ," ಎಂದಳು. "ಅದರ ಮಧ್ಯ ನಮ್ಮನ್ನ ಕೂರಿಸ್ತೀರಾ?"

"ಜಗಳ ಆಡೋವಾಗ ಯಾರಾದ್ರೂ ಮಧ್ಯ ಇದ್ರೆ ಒಳ್ಳೇದಲ್ವಾ?" ಎಂದ ಆರ್ಲೋ. ದೊಡ್ಡ ಹುಡುಗಿ ಕಿಸಕ್ಕೆಂದು ನಕ್ಕಳು. ಹಾಗೆ ಅವರು ಬಂದರು. ಮರಕ್ಕೆ ಒರಗಿಸಿದ್ದ ಎರಡು ಕುರ್ಚಿಗಳನ್ನು ಆರ್ಲೋ ಮತ್ತೆ ಬಿಡಿಸಿದ.

ಶನಿವಾರ ಬೆಳಿಗ್ಗೆ ಅಂಚುದಾರಿಗೆ ಹೊರಡುವ ಗುಂಪುಗಳು ಧೂಳೆಬ್ಬಿಸಿಕೊಂಡು ಹೋದವು. ವರ್ನಾ ಹೋಗಲಿಲ್ಲ. ಹುಡುಗಿಯರು, ಅವರ ತಾಯಿ ಮತ್ತು ಆರ್ಲೋನೊಂದಿಗೆ, ಕಳ್ಳಿ ಹೂಗಳ ನಡುವಿನ ಸಣ್ಣ ಸುತ್ತುದಾರಿಗೆ ಹೊರಟಳು. ಚಿಕ್ಕವಳು ಪಿಲಾರ್. ಅವಳ ಸೈಕಲ್ಲಿನ ಚಕ್ರ ಊಟದ ತಟ್ಟೆಯಷ್ಟು. ಅವಳು ಕಲ್ಲು ಕಂಡಲ್ಲಿ ನಿಂತಳು, ಹಲ್ಲಿ ಕಂಡಲ್ಲಿ ಇಳಿದಳು. ದಾರಿಯ ಪಕ್ಕದ ಹಕ್ಕಳೆಗಟ್ಟಿದ ಕಪ್ಪು ಮಣ್ಣಿನಲ್ಲಿ ಸಣ್ಣ ಸಣ್ಣ ಜೀವಿಗಳಿವೆ, ತುಳಿಯಬಾರದು ಎಂದು ಆರ್ಲೋ ಹೇಳಿಕೊಟ್ಟ ಮೇಲೆ, ಮಣ್ಣಿಗೆ ಕೈ ಬೀಸಿ ನಮಸ್ಕಾರ ಹೇಳುತ್ತಾ ಬಂದಳು. ಬಹಳ ವರ್ಷಗಳ ಮೇಲೆ ಆರ್ಲೋಗಿಂತ ನಿಧಾನದವರೊಬ್ಬರು ಸಿಕ್ಕಿದ್ದರು. ಕವಲು ಬಂದಲ್ಲೆಲ್ಲ ಅವನು ಮೊದಲು ತಲುಪಿ, ಸೈಕಲ್ಲಿಗೆ ಒರಗಿ, ಸಿಳ್ಳೆ ಹಾಕುತ್ತಾ ಕಾಯುತ್ತಿದ್ದ. ಎಲ್ಲರ ಹಿಂದೆ ವರ್ನಾ. ಅವನು ಹುಡುಗಿಯರೊಂದಿಗೆ ನಗುತ್ತಿದ್ದ, ಅವಳೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದ. 'ನೀರು ಕುಡಿ', 'ಚಕ್ರ ನೋಡ್ಕೋ', ಅಷ್ಟೆ.

ಸಂಜೆ ಟೆಸ್ ಮತ್ತು ಕೋಯ್ ಬಂದರು. ಟೆಸ್‌ಳ ಕೈಯಲ್ಲಿ ಪೇಟೆಯಿಂದ ತಂದ ಕೇಕು, ಮುಖದಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿಯ ಕಳೆ. ಆರ್ಲೋ ಎರಕದ ಪಾತ್ರೆಯ ಮುಚ್ಚಳದ ಮೇಲೂ ಕೆಂಡ ಹರವಿ ಪೀಚ್ ಹಣ್ಣಿನ ಕಡುಬು ಬೇಯಿಸುತ್ತಿದ್ದ.

"ಕುರ್ಚಿ ಇಲ್ಲ," ಎಂದ ತಲೆ ಎತ್ತದೆ. "ಮಕ್ಕಳು ಕೂತಿದಾರೆ. ನಿಂತೇ ತಿನ್ನಿ."

"ನಿಲ್ಲೋಕೇ ಬಂದಿದೀವಿ," ಎಂದ ಕೋಯ್ ವಿನಯದಿಂದ. "ನಾನು ಬೇಕಿದ್ರೆ ಒಂದೇ ಕಾಲಲ್ಲಿ ನಿಲ್ತೀನಿ."

"ನಿಲ್ಲು ನೋಡೋಣ."

ಕೋಯ್ ನಿಜಕ್ಕೂ ಒಂಟಿ ಕಾಲಿನಲ್ಲಿ ನಿಂತು ಕಡುಬು ತಿಂದ. ಅವನು ಎಷ್ಟು ಹೊತ್ತು ನಿಲ್ಲುತ್ತಾನೆಂದು ಪಿಲಾರ್ ಎಣಿಸುತ್ತಾ ಕೂತಳು. ಟೆಸ್, "ಆರ್ಲೋ, ನಾನೂ ಇದರಲ್ಲಿ..." ಎಂದು ಶುರುಮಾಡಿದ್ದಕ್ಕೆ, "ಬಿಸಿ ಇದೆ, ನಾಲಿಗೆ ಸುಟ್ಕೋತೀಯ," ಎಂದು ಅವನು ತಡೆದ. ಅದು ಕ್ಷಮೆಯೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ವರ್ನಾ ಎದ್ದು ಹೊರಬರುವಾಗ ಆರ್ಲೋ ಅವಳ ಸೈಕಲ್ಲನ್ನು ತನ್ನ ವ್ಯಾನಿಗೆ ಏರಿಸಿಯಾಗಿತ್ತು.

"ಏಳು, ಹೊರಡು. ಅಂಚುದಾರಿ ಮೇಲ್ತುದೀಲಿ ಬಿಡ್ತೀನಿ, ಆಮೇಲೆ ಕೆಳಗೆ ನದಿ ಹತ್ರ ಇರ್ತೀನಿ."

"ಬೇಡ ಆರ್ಲೋ."

"ಯಾಕೆ ಬೇಡ? ನನ್ನ ಬಿಟ್ಟು ಬರೋವಷ್ಟು ಆಸೆ ಇತ್ತಲ್ಲ! ಇಷ್ಟೆಲ್ಲ ಕೆಟ್ಟ ಕೆಲಸ ಮಾಡಿ, ಕೊನೆಗೆ ಇಳೀದೆ ಹೋದ್ರೆ ನನ್ನ ಬೇಜಾರೆಲ್ಲ ದಂಡ. ಹತ್ತು."

ಅವಳು ಹತ್ತಿದಳು.

ಅಂಚುದಾರಿ ಟೆಸ್ ಕೈ ಆಡಿಸಿ ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಬಂಡೆ ಚಕ್ರವನ್ನು ಅಂಗೈಯಲ್ಲಿ ಹಿಡಿದಂತೆ ಹಿಡಿಯುತ್ತಿತ್ತು. ಬಲಕ್ಕೆ ನೆಲವೇ ಮುಗಿದು ಗಾಳಿ ಶುರುವಾಗುತ್ತಿತ್ತು. ಕೆಳಗೆ, ಎಷ್ಟೋ ಕೆಳಗೆ, ನದಿ ಒಂದು ಹಸಿರು ದಾರದಂತೆ. ವರ್ನಾ ತನ್ನ ಕಾಲಿಗೆ ಎಷ್ಟು ವೇಗವಿದೆಯೋ ಅಷ್ಟು ವೇಗದಲ್ಲಿ ಹೋದಳು. ಯಾರ ಬೆನ್ನೂ ಮುಂದಿರಲಿಲ್ಲ. ಇದಕ್ಕಾಗಿಯೇ ಅಲ್ಲವೇ ತಾನು ಹಂಬಲಿಸಿದ್ದು ಎಂದುಕೊಂಡಳು. ಅದು ನಿಜವೂ ಆಗಿತ್ತು, ಸಂತೋಷವೂ ಆಗಿತ್ತು.

ಆದರೆ ಮೊದಲ ಕವಲು ಬಂದಾಗ ಅವಳ ಕೈ ತಾನಾಗಿ ಬ್ರೇಕು ಹಿಡಿಯಿತು. ಒಂದು ಕಾಲು ನೆಲಕ್ಕೂರಿ ಹಿಂತಿರುಗಿ ನೋಡಿದಳು. ಖಾಲಿ ಬಂಡೆ, ಬಿಸಿಲು. ತನ್ನನ್ನು ತಾನೇ ಬೈದುಕೊಂಡು ಹೊರಟಳು. ಎರಡನೆಯ ಕವಲಿನಲ್ಲೂ ಹಾಗೇ ಆಯಿತು. ಮೂರನೆಯದರಲ್ಲಿ ಬೈದುಕೊಳ್ಳುವುದನ್ನು ಬಿಟ್ಟಳು. ಕವಲು ಬಂದಲ್ಲೆಲ್ಲ ನಿಂತು, ಯಾರೋ ಬರುತ್ತಾರೆಂಬಂತೆ ಕಾದು, ಯಾರೂ ಬರುವುದಿಲ್ಲವೆಂದು ಮನಸ್ಸಿಗೆ ಖಾತರಿಯಾದ ಮೇಲೆ ಮುಂದೆ ಹೋದಳು.

ನದಿಯ ದಡದ ಮರಗಳ ಕೆಳಗೆ ವ್ಯಾನು ನಿಂತಿತ್ತು. ಆರ್ಲೋ ದಾರಿಗೆ ಮುಖಮಾಡಿ ಕುರ್ಚಿಯಲ್ಲಿ ಕೂತಿದ್ದ.

"ಬೇಗ ಬರ್ತೀಯ ಅಂದ್ಕೊಂಡಿದ್ದೆ," ಎಂದ. "ಎಲ್ಲಾದ್ರೂ ಬಿದ್ಯಾ?"

"ಇಲ್ಲ. ನಿಂತು ನಿಂತು ಬಂದೆ."

"ಯಾಕೆ?"

ಅವಳು ಹೆಲ್ಮೆಟ್ ತೆಗೆದು ಮುಖದ ಧೂಳೊರೆಸಿಕೊಂಡಳು. "ಅಭ್ಯಾಸ," ಎಂದಳು.

ಆರ್ಲೋ ನದಿಯ ಕಡೆಗೆ ತಿರುಗಿ ಹೇಳಿದ: "ಮುಂದಿನ ವರ್ಷ ಜಾಗ ಹಿಡಿಯೋಕೆ ನಾನು ಬರೋದಿಲ್ಲ. ನೀನೇ ರಜಾ ಹಾಕಿ ಬುಧವಾರ ಬಾ. ಡೇರೆ ನಿಲ್ಲಿಸು, ನೀರು ತುಂಬಿಡು, ಬಂದು ಕೇಳಿದೋರಿಗೆಲ್ಲ 'ನಮ್ಮವರು ಬರ್ತಾರೆ' ಅಂತ ಹೇಳ್ಕೊಂಡು ಕೂತಿರು. ಆವಾಗ ಗೊತ್ತಾಗತ್ತೆ."

"ಬರ್ತೀನಿ," ಎಂದಳು ವರ್ನಾ. ಆಮೇಲೆ ಮೆಲ್ಲಗೆ ಕೇಳಿದಳು: "ನೀವು ಬರ್ತೀರ ತಾನೇ, ಶುಕ್ರವಾರ?"

"ನೋಡ್ಕೊಂಡು ಹೇಳ್ತೀನಿ," ಎಂದ ಆರ್ಲೋ.

ಅದು ಗ್ಯಾರೇಜಿನಲ್ಲಿ ಅವಳು ಅವನಿಗೆ ಹೇಳಿದ್ದ ಮಾತೇ. ಚುಚ್ಚಬೇಕಾದಲ್ಲಿಗೇ ಹೋಗಿ ಚುಚ್ಚಿತು. ಅವಳು ತಲೆ ತಗ್ಗಿಸಿ ನಿಂತಳು. ಆರ್ಲೋ ವ್ಯಾನಿನ ಹಿಂಬಾಗಿಲಿಗೆ ಕೈ ಹಾಕಿ ಇನ್ನೊಂದು ಕುರ್ಚಿಯನ್ನು ಎಳೆದು, ಬಿಡಿಸಿ, ತನ್ನದರ ಪಕ್ಕಕ್ಕೆ, ಆದರೆ ಒಂದು ಮಾರು ದೂರ ಬಿಟ್ಟು ಇಟ್ಟ. ಕೂರು ಎಂದು ಬಾಯಲ್ಲಿ ಹೇಳಲಿಲ್ಲ. ವರ್ನಾ ಇಳಿದು ಬಂದ ದಾರಿಯನ್ನು ಇನ್ನೊಮ್ಮೆ ಹಿಂತಿರುಗಿ ನೋಡಿ, ಆ ಕುರ್ಚಿಯಲ್ಲಿ ಕೂತಳು.